ಇಂಗ್ಲಿಷಿನಲ್ಲಿ ಸಲಹೆ ಕೊಡೋದು, ಇಷ್ಟ ಹೇಳೋದು: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದ ಸ್ಪೋಕನ್ ಇಂಗ್ಲಿಷ್ ಕ್ಲಾಸಿನಲ್ಲಿ, ಕ್ಲಾಸು ಬಿಟ್ಟ ಮೇಲೆ ಮೆಟ್ಟಿಲ ಹತ್ತಿರ, ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯಿಂದ ಬರುವ ಕಾಗದ, ವಾಟ್ಸಾಪ್‌ಗಳಲ್ಲಿ ತಿರುಗಿ ತಿರುಗಿ ಬರುವ ಪ್ರಶ್ನೆಗಳಿವು. ಕೇಳುವವರಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿದ್ದಾರೆ, ಹೋಂಸ್ಟೇ ನಡೆಸುವವರಿದ್ದಾರೆ, ಬೆಂಗಳೂರಿಗೆ ಕೆಲಸಕ್ಕೆ ಹೊರಟವರಿದ್ದಾರೆ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇನೆ. ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಸುಮ್ನೆ ಕಣ್ಣಾಡಿಸಬೇಡಿ, ಬಾಯಿಬಿಟ್ಟು ಹೇಳಿಕೊಳ್ಳಿ.

## ಶುರುವಿನವರಿಗೆ

ಶುಡ್, ಮಸ್ಟ್, ಹ್ಯಾವ್ ಟು, ಮೂರಕ್ಕೂ ಕನ್ನಡದಲ್ಲಿ ‘ಬೇಕು’ ಅಂತಾನೇ ಬರುತ್ತಲ್ಲ ಸಾರ್, ಯಾವುದನ್ನ ಎಲ್ಲಿ ಹಾಕೋದು?

ಆ ‘ಬೇಕು’ ಎಲ್ಲಿಂದ ಬಂತು ಅಂತ ನೋಡಿ. ನನಗೆ ಹೀಗನಿಸುತ್ತದೆ, ಕೇಳಿದರೆ ಕೇಳಿ ಬಿಟ್ಟರೆ ಬಿಡಿ ಅನ್ನೋ ಹಾಗಿದ್ದರೆ ಶುಡ್. ‘ಯು ಶುಡ್ ಕ್ಯಾರಿ ಆನ್ ಅಂಬ್ರೆಲಾ’ ಅಂದರೆ ಕೊಡೆ ತಗೊಂಡು ಹೋಗೋದು ಒಳ್ಳೇದು, ಅಷ್ಟೆ. ಹೊರಗಿನ ನಿಯಮ, ಬೇರೆ ದಾರಿಯೇ ಇಲ್ಲ ಅಂದರೆ ಹ್ಯಾವ್ ಟು. ಮಳೆಗಾಲದಲ್ಲಿ ಆಗುಂಬೆ ಘಾಟಿಯಲ್ಲಿ ಭಾರಿ ವಾಹನ ಬಂದ್ ಮಾಡುತ್ತಾರಲ್ಲ, ಆಗ ಲಾರಿ ಡ್ರೈವರಿಗೆ ‘ಯು ಶುಡ್ ಟೇಕ್ ಅನದರ್ ರೋಡ್’ ಅಂದರೆ ಸಾಲದು. ಅವನು ಬೇಕಾದರೆ ಇಳಿಯಬಹುದು ಅಂದುಕೊಳ್ಳುತ್ತಾನೆ. ‘ಯು ಹ್ಯಾವ್ ಟು ಟೇಕ್ ಅನದರ್ ರೋಡ್’ ಅನ್ನಿ. ಹೇಳುವವರೇ ಪಟ್ಟು ಹಿಡಿದು ಹೇಳಿದರೆ ಮಸ್ಟ್.

ಮಸ್ಟ್ ಯಾವಾಗಲೂ ಗದರಿಕೆಯಲ್ಲ. ‘ಯು ಮಸ್ಟ್ ಸೀ ಜೋಗ್ ಇನ್ ಆಗಸ್ಟ್’ ಅಂದರೆ ಆಜ್ಞೆ ಅಲ್ಲ, ಪ್ರೀತಿ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಮೈದುಂಬಿ ಬೀಳೋದನ್ನ ನೋಡದೆ ಹೋಗಬೇಡಿ ಅಂತ.

ಜಾಸ್ತಿ ಜನ ಎಡವೋದು ‘ಇಲ್ಲ’ ಅನ್ನುವ ರೂಪದಲ್ಲಿ. ‘ಮಸ್ಟ್ ನಾಟ್’ ಅಂದರೆ ಕೂಡದು. ‘ಡೋಂಟ್ ಹ್ಯಾವ್ ಟು’ ಅಂದರೆ ಬೇಕಾಗಿಲ್ಲ. ‘ಶುಡ್ ನಾಟ್’ ಅಂದರೆ ಮಾಡದಿದ್ದರೆ ಒಳ್ಳೇದು. ಅಡ್ವಾನ್ಸ್ ಈಗಲೇ ಕೊಡಬೇಕಾಗಿಲ್ಲ ಅಂತ ಹೇಳಲು ಹೋಗಿ ‘ಯು ಮಸ್ಟ್ ನಾಟ್ ಪೇ ನೌ’ ಅಂದರೆ, ದುಡ್ಡು ಕೊಟ್ಟರೆ ಜೋಕೆ ಅಂದ ಹಾಗಾಗುತ್ತದೆ. ‘ಯು ಡೋಂಟ್ ಹ್ಯಾವ್ ಟು ಪೇ ನೌ’ ಅನ್ನಿ.

ಶುಡ್ ಆದ್ಮೇಲೆ ಟು ಹಾಕಿದ್ರೂ ಗೆರೆ ಎಳೀತಾರೆ, ಆಟ್ ಆದ್ಮೇಲೆ ಟು ಬಿಟ್ರೂ ಗೆರೆ ಎಳೀತಾರೆ. ಯಾಕೆ?

ಶುಡ್ ಗುಂಪಿನವು ಟು ಬೇಡುವುದಿಲ್ಲ: ‘ಹಿ ಶುಡ್ ಗೋ’. ಆಟ್‌ಗೆ (ಒ, ಯು, ಜಿ, ಎಚ್, ಟಿ ಅಂತ ಬರೆಯೋದು) ಟು ಅಂಟಿಕೊಂಡೇ ಇರಬೇಕು: ‘ಹಿ ಆಟ್ ಟು ಗೋ’. ಎರಡರಲ್ಲೂ ಕ್ರಿಯಾಪದ ಮೂಲರೂಪದಲ್ಲೇ ಇರುತ್ತದೆ, ‘ಗೋಸ್’ ಆಗಲ್ಲ. ಅರ್ಥ ಹೆಚ್ಚುಕಡಿಮೆ ಒಂದೇ. ಆಟ್ ಟು ಸ್ವಲ್ಪ ಹಳೆಯ ಕಾಲದ್ದು, ಧರ್ಮ ಕರ್ಮದ ವಾಸನೆ ಜಾಸ್ತಿ. ಮಾತಾಡುವಾಗ ಶುಡ್ ಸಾಕು. ಹಾಂ, ಶುಡ್‌ನಲ್ಲಿ ‘ಎಲ್’ ಅಕ್ಷರ ಉಂಟು, ಆದರೆ ಅದನ್ನು ಬಾಯಲ್ಲಿ ತರಬೇಡಿ.

‘ದ ಬಸ್ ಶುಡ್ ಬಿ ಹಿಯರ್ ಬೈ ಫೈವ್’ ಅಂದ್ರೆ ಬಸ್ಸಿಗೇ ಬುದ್ಧಿ ಹೇಳಿದ ಹಾಗಾ?

ಅಲ್ಲ. ಇಲ್ಲಿ ಶುಡ್ ಅಂದರೆ ನಿರೀಕ್ಷೆ. ಐದಕ್ಕೆ ಬರಬೇಕು ನೋಡಿ ಅಂತ ನಾವೂ ಅದೇ ಧಾಟಿಯಲ್ಲಿ ಅನ್ನುತ್ತೇವೆ. ಬರುತ್ತೋ ಬಿಡುತ್ತೋ, ಅದು ಮಳೆಗೂ ಬಸ್ಸಿಗೂ ಬಿಟ್ಟಿದ್ದು.

‘ಹಿ ಗೇವ್ ಮಿ ಮೆನಿ ಅಡ್ವೈಸಸ್’ ಅಂತ ಬರೆದಿದ್ದೆ. ಮಾರ್ಕ್ ಕಟ್ ಆಯ್ತು.

ಕಟ್ ಆಗಲೇಬೇಕು. ಅಡ್ವೈಸ್ ಅನ್ನು ಇಂಗ್ಲಿಷಿನವರು ಎಣಿಸೋದಿಲ್ಲ. ‘ಸಮ್ ಅಡ್ವೈಸ್’, ‘ಎ ಲಾಟ್ ಆಫ್ ಅಡ್ವೈಸ್’ ಅನ್ನಿ. ಒಂದೇ ಒಂದು ಸಲಹೆ ಅನ್ನಬೇಕಾದರೆ ‘ಎ ಪೀಸ್ ಆಫ್ ಅಡ್ವೈಸ್’. ಇನ್ಫರ್ಮೇಶನ್, ಲಗೇಜ್, ಫರ್ನಿಚರ್ ಕೂಡ ಇದೇ ಜಾತಿ. ಆದರೆ ಸಜೆಶನ್ ಅನ್ನು ಎಣಿಸಬಹುದು, ‘ಟು ಸಜೆಶನ್ಸ್’ ಸರಿ.

ಇನ್ನೊಂದು ಗಮನಿಸಿ. ಸಲಹೆ ಅನ್ನುವ ನಾಮಪದ ‘ಅಡ್ವೈಸ್’, ಬರೆಯುವಾಗ ‘ಸಿ’ ಅಕ್ಷರ, ಉಚ್ಚಾರದಲ್ಲಿ ಸಕಾರ. ಸಲಹೆ ಕೊಡು ಅನ್ನುವ ಕ್ರಿಯಾಪದ ‘ಅಡ್ವೈಜ಼್’, ಬರೆಯುವಾಗ ‘ಎಸ್’ ಅಕ್ಷರ, ಉಚ್ಚಾರದಲ್ಲಿ ಝೇಂಕಾರ. ಅಕ್ಷರ ಒಂದು ಕಡೆ, ಉಚ್ಚಾರ ಇನ್ನೊಂದು ಕಡೆ ಎಳೆಯುವುದರಿಂದ ಇಂಗ್ಲಿಷಿನವರೂ ಇದನ್ನು ತಪ್ಪು ಬರೆಯುತ್ತಾರೆ.

## ಸ್ವಲ್ಪ ರೂಢಿ ಆದವರಿಗೆ

ನಮ್ಮ ಹೋಂಸ್ಟೇಗೆ ಬಂದ ಗೆಸ್ಟಿಗೆ ‘ಯು ಹ್ಯಾಡ್ ಬೆಟರ್ ಈಟ್ ನೌ’ ಅಂದೆ. ಅವರ ಮುಖ ಸಣ್ಣಗಾಯ್ತು. ಬಿಸಿ ಕಡುಬು ಆರಿಹೋಗತ್ತೆ ಅಂತ ಹೇಳಿದ್ದು ತಪ್ಪಾ?

ವ್ಯಾಕರಣ ಸರಿಯಾಗಿಯೇ ಇದೆ. ಕೆಟ್ಟಿದ್ದು ಧಾಟಿ. ‘ಹ್ಯಾಡ್ ಬೆಟರ್’ನಲ್ಲಿ ಬೆಟರ್ ಇದೆ ಅಂತ ನಾವು ಅದನ್ನು ‘ಒಳ್ಳೇದು’ ಅಂದುಕೊಳ್ಳುತ್ತೇವೆ. ಕೇಳುವವರಿಗೆ ಅದರ ಹಿಂದೆ ಒಂದು ‘ಇಲ್ಲಾಂದ್ರೆ’ ಕೇಳಿಸುತ್ತದೆ. ಈಗ ತಿನ್ನಿ, ಇಲ್ಲಾಂದ್ರೆ ನೋಡಿ! ಶುಡ್‌ಗಿಂತ ಇದು ಬಿಗಿ. ಮೇಲಿನವರು ಕೆಳಗಿನವರಿಗೆ, ಅಮ್ಮ ಮಗನಿಗೆ, ಸಲಿಗೆಯ ಗೆಳೆಯರು ಒಬ್ಬರಿಗೊಬ್ಬರು ಹೇಳುವಂಥದ್ದು. ಆ ಗೆಸ್ಟಿಗೆ ‘ಇಟ್ಸ್ ಬೆಸ್ಟ್ ವೆನ್ ಇಟ್ಸ್ ಹಾಟ್’ ಅಂದಿದ್ದರೆ ಸಾಕಿತ್ತು. ಅವರಾಗಿಯೇ ತಟ್ಟೆ ಎಳೆದುಕೊಳ್ಳುತ್ತಿದ್ದರು.

ಹಾಗಂತ ಹ್ಯಾಡ್ ಬೆಟರ್ ಬಳಸಲೇಬಾರದು ಅಂತಲ್ಲ. ನಿಜವಾಗಿ ತೊಂದರೆ ಕಾದಿದ್ದರೆ ಅದೇ ಸರಿಯಾದ ಮಾತು. ಜುಲೈ ತಿಂಗಳಲ್ಲಿ ಗೆಸ್ಟ್ ಒಬ್ಬರು ಚಡ್ಡಿ, ಚಪ್ಪಲಿಯಲ್ಲಿ ಹಳ್ಳದ ಕಡೆ ಹೊರಟಿದ್ದಾರೆ ಅನ್ನಿ. ದರೆ (ಮಣ್ಣಿನ ದಿಬ್ಬ) ಪಕ್ಕದ ದರಗು, ಅಂದರೆ ಉದುರಿದ ಎಲೆ, ಒದ್ದೆಯಾಗಿದೆ. ಇಂಬಳ (ಜಿಗಣೆ) ತಲೆಯೆತ್ತಿ ಆಡುತ್ತಿದೆ. ಈಗ (ಯು ಹ್ಯಾಡ್ ಮಾತಿನಲ್ಲಿ ಸವೆದು ಯೂಡ್ ಆಗುತ್ತದೆ) ‘ಯೂಡ್ ಬೆಟರ್ ವೇರ್ ಲಾಂಗ್ ಸಾಕ್ಸ್, ದ ಲೀಚಸ್ ಆರ್ ಔಟ್’ ಅಂದರೆ ಯಾರಿಗೂ ಬೇಜಾರಾಗಲ್ಲ, ಬದಲಿಗೆ ಥ್ಯಾಂಕ್ಸ್ ಅನ್ನುತ್ತಾರೆ. ಎಚ್ಚರಿಕೆಗೆ ಕಾರಣ ಪಕ್ಕದಲ್ಲೇ ಇದೆಯಲ್ಲ.

ರಚನೆ ಸುಲಭ. ‘ಹ್ಯಾಡ್’ ಇದ್ದರೂ ಇದು ಹಿಂದಿನ ಕಾಲದ ಮಾತಲ್ಲ, ಈಗಿನದು ಅಥವಾ ಮುಂದಿನದು. ಟು ಬರಲ್ಲ. ‘ನಾಟ್’ ಬೆಟರ್ ಆದ ಮೇಲೆ ಬರುತ್ತದೆ: ‘ಯೂಡ್ ಬೆಟರ್ ನಾಟ್ ಸ್ವಿಮ್ ಹಿಯರ್’. ಮತ್ತೆ ಇದು ಈ ಹೊತ್ತಿನ ಸಂದರ್ಭಕ್ಕೆ. ‘ಚಿಲ್ಡ್ರನ್ ಹ್ಯಾಡ್ ಬೆಟರ್ ಡ್ರಿಂಕ್ ಮಿಲ್ಕ್’ ಅಂತ ಲೋಕಕ್ಕೆಲ್ಲ ಸೇರಿಸಿ ಹೇಳೋಕೆ ಶುಡ್ ಬೇಕು.

ದೊಡ್ಡವರಿಗೆ ಇಂಗ್ಲಿಷಿನಲ್ಲಿ ಸಲಹೆ ಕೊಡೋದು ಹೇಗೆ ಮೇಷ್ಟ್ರೆ? ‘ಪ್ಲೀಸ್ ಯು ಶುಡ್’ ಅಂದ್ರೆ ಆಗುತ್ತಾ?

ಆಗಲ್ಲ. ಪ್ಲೀಸ್ ಸೇರಿಸಿದರೆ ಸಲಹೆ ಮೃದುವಾಗುವುದಿಲ್ಲ, ಕೋರಿಕೆಯೂ ಸಲಹೆಯೂ ಕಲಸಿ ಹೋಗುತ್ತದೆ ಅಷ್ಟೆ.

ನನ್ನ ಪ್ರಕಾರ ಈ ಇಡೀ ಪಾಠದ ಬೇರು ಇಲ್ಲಿದೆ. ನಾವು ‘ಹೋಗು’ ಅನ್ನುವುದನ್ನು ‘ಹೋಗಿ’ ಅಂದುಬಿಟ್ಟರೆ ಅರ್ಧ ಮರ್ಯಾದೆ ಅಲ್ಲೇ ಸಂದಾಯ. ‘ನೀವು’, ‘ತಾವು’ ಸೇರಿಸಿದರೆ ಮುಗಿಯಿತು. ಆಮೇಲೆ ಎಷ್ಟು ನೇರವಾಗಿ ಹೇಳಿದರೂ ನಡೆಯುತ್ತದೆ. ‘ನೀವು ಒಂದ್ಸಲ ಡಾಕ್ಟರಿಗೆ ತೋರಿಸ್ಲೇಬೇಕು ದೊಡ್ಡಪ್ಪ’ ಅಂದರೆ ಯಾರಿಗೂ ನೋವಿಲ್ಲ. ಇಂಗ್ಲಿಷಿನಲ್ಲಿ ನಾಯಿಗೂ ಯು, ಜಿಲ್ಲಾಧಿಕಾರಿಗೂ ಯು. ಹಾಗಾಗಿ ಮರ್ಯಾದೆಯನ್ನು ಬೇರೆ ಕಡೆ ಇಡಬೇಕು. ಇಂಗ್ಲಿಷಿನವರು ಅದನ್ನು ಮೈಟ್, ಕುಡ್, ವುಡ್‌ಗಳಲ್ಲಿ ಇಡುತ್ತಾರೆ. ಕನ್ನಡದ ನೇರ ವಾಕ್ಯವನ್ನು ಹಾಗೇ ತಿರುಗಿಸಿದರೆ ‘ನೀವು’ ಬಿದ್ದು ಹೋಗಿ ಬರೀ ‘ಬೇಕು’ ಉಳಿಯುತ್ತದೆ. ನಮ್ಮವರ ಇಂಗ್ಲಿಷ್ ಒರಟು ಅನ್ನಿಸೋದು ಇದರಿಂದ. ಮನುಷ್ಯರು ಒರಟಲ್ಲ.

ಒಂದೇ ಸಲಹೆಯನ್ನು ಗಟ್ಟಿಯಿಂದ ಮೆತ್ತಗೆ ಇಳಿಸಿ ನೋಡೋಣ. ಕತ್ತಲಾಗೋ ಮೊದಲು ಕೊಡಚಾದ್ರಿಯಿಂದ ಇಳಿಯಿರಿ ಅನ್ನಬೇಕು. ‘ಯು ಮಸ್ಟ್ ಕಮ್ ಡೌನ್ ಬಿಫೋರ್ ಡಾರ್ಕ್.’ ‘ಯೂಡ್ ಬೆಟರ್ ಕಮ್ ಡೌನ್ ಬಿಫೋರ್ ಡಾರ್ಕ್.’ ‘ಯು ಶುಡ್ ಕಮ್ ಡೌನ್.’ ‘ಐ ಥಿಂಕ್ ಯು ಶುಡ್ ಕಮ್ ಡೌನ್.’ ‘ಇಫ್ ಐ ವರ್ ಯು, ಐಡ್ ಕಮ್ ಡೌನ್.’ ‘ಯು ಮೈಟ್ ವಾಂಟ್ ಟು ಕಮ್ ಡೌನ್ ಬಿಫೋರ್ ಡಾರ್ಕ್.’ ಕೊನೆಯದು ಕನ್ನಡದ ಕಿವಿಗೆ ವಿಚಿತ್ರ. ನಿಮಗೇ ಇಳಿಯುವ ಮನಸ್ಸು ಬರಬಹುದು ಅಂದ ಹಾಗೆ! ಆದರೆ ಪರಿಚಯ ಇಲ್ಲದವರಿಗೆ, ಮೇಲಧಿಕಾರಿಗೆ ಅದೇ ಸಲೀಸು. ಪ್ರಶ್ನೆಯಾಗಿ ಕೇಳಿದರೆ ಇನ್ನೂ ಮೆತ್ತಗೆ: ‘ವುಡ್ ಇಟ್ ಹೆಲ್ಪ್ ಟು ಸ್ಟಾರ್ಟ್ ಅರ್ಲಿಯರ್?’

ಅತಿ ಮಾಡಬೇಡಿ ಮತ್ತೆ. ಹಾವು ಕಾಲ ಹತ್ತಿರ ಇದ್ದಾಗ ‘ಯು ಮೈಟ್ ವಾಂಟ್ ಟು’ ಅಂತ ರಾಗ ಎಳೆಯೋರಿಲ್ಲ. ‘ಡೋಂಟ್ ಮೂವ್!’ ಅನ್ನಿ.

‘ಸಜೆಸ್ಟ್ ಮಿ ಎ ಗುಡ್ ಹೋಟೆಲ್’ ಅಂತ ಎಲ್ಲರೂ ಅಂತಾರಲ್ಲ?

ಅಂತಾರೆ, ಅರ್ಥವೂ ಆಗುತ್ತದೆ. ಆದರೆ ಸಜೆಸ್ಟ್ ಪಕ್ಕದಲ್ಲಿ ನೇರವಾಗಿ ಮನುಷ್ಯರನ್ನು ಕೂರಿಸುವ ಹಾಗಿಲ್ಲ. ‘ಮಿ’ ತೆಗೆದುಬಿಡಿ: ‘ಕ್ಯಾನ್ ಯು ಸಜೆಸ್ಟ್ ಎ ಗುಡ್ ಹೋಟೆಲ್?’ ಅದೇ ರೀತಿ ‘ಹಿ ಸಜೆಸ್ಟೆಡ್ ಮಿ ಟು ಗೋ’ ತಪ್ಪು. ‘ಹಿ ಸಜೆಸ್ಟೆಡ್ ದಟ್ ಐ ಗೋ’ ಅಥವಾ ‘ಹಿ ಸಜೆಸ್ಟೆಡ್ ಗೋಯಿಂಗ್’ ಸರಿ. ಎರಡನೆಯದರಲ್ಲಿ ಹೇಳಿದವರೂ ಜೊತೆಗೆ ಹೊರಟಿರಬಹುದು. ಮನುಷ್ಯರನ್ನು ಪಕ್ಕದಲ್ಲಿ ಕೂರಿಸಲೇಬೇಕು ಅಂದರೆ ಅಡ್ವೈಜ಼್ ಇದೆ: ‘ಹಿ ಅಡ್ವೈಜ಼್ಡ್ ಮಿ ಟು ಗೋ’.

‘ಬೆಟರ್ ಯು ಗೋ ಬೈ ಟ್ರೈನ್’ ಅನ್ನಬಹುದಾ?

ನಾವು ನಾವೇ ಮಾತಾಡುವಾಗ ನಡೆಯುತ್ತದೆ. ‘ನೀವು ಟ್ರೈನಲ್ಲೇ ಹೋಗೋದು ಬೆಟರ್’ ಅನ್ನುವ ನಮ್ಮ ಮಾತೇ ಇಂಗ್ಲಿಷ್ ಅಂಗಿ ಹಾಕಿಕೊಂಡು ಬಂದಿದೆ. ಬರೆಯುವಾಗ, ಇಂಟರ್‌ವ್ಯೂನಲ್ಲಿ ‘ಇಟ್ ವುಡ್ ಬಿ ಬೆಟರ್ ಟು ಗೋ ಬೈ ಟ್ರೈನ್’ ಅನ್ನಿ.

ಪ್ರಿಫರ್ ಆದ್ಮೇಲೆ ದ್ಯಾನ್ ಬರಲ್ವಾ? ‘ಗಿಂತ’ ಅಂದ್ರೆ ದ್ಯಾನ್ ತಾನೆ?

ಸಾಮಾನ್ಯವಾಗಿ ‘ಗಿಂತ’ ಅಂದರೆ ದ್ಯಾನ್. ಆದರೆ ಪ್ರಿಫರ್ ಜೊತೆ ಟು. ಸಿಗಂದೂರಿಗೆ ಹೋಗಲು 2025ರಲ್ಲಿ ಶರಾವತಿ ಹಿನ್ನೀರಿನ ಮೇಲೆ ಸೇತುವೆ ಆಯಿತು. ಆದರೂ ಹಿನ್ನೀರು ದಾಟಿಸುತ್ತಿದ್ದ ದೋಣಿ, ಅಂದರೆ ಲಾಂಚೇ ಚೆಂದ ಅನ್ನುವವರು ಸಾಗರದ ಕಡೆ ಸಿಗುತ್ತಾರೆ. ಅವರ ಮಾತು ಇಂಗ್ಲಿಷಿನಲ್ಲಿ ಹೀಗೆ: ‘ಐ ಪ್ರಿಫರ್ ದ ಲಾಂಚ್ ಟು ದ ಬ್ರಿಡ್ಜ್’. ಇಷ್ಟವಾದದ್ದು ಮೊದಲು, ಬಿಟ್ಟಿದ್ದು ಟು ಆದ ಮೇಲೆ. ಕನ್ನಡದಲ್ಲಿ ‘ಸೇತುವೆಗಿಂತ ಲಾಂಚು’ ಅಂತ ಬಿಟ್ಟಿದ್ದೇ ಮೊದಲು ಬರುವುದರಿಂದ ಅವಸರದಲ್ಲಿ ತಲೆಕೆಳಗಾಗಿ, ಬೇಡದ್ದೇ ಬೇಕು ಅಂದುಬಿಡುತ್ತೇವೆ. ಜೋಕೆ.

ಕೆಲಸಗಳನ್ನು ಹೋಲಿಸುವಾಗ ಎರಡು ದಾರಿ. ‘ಐ ಪ್ರಿಫರ್ ವಾಕಿಂಗ್ ಟು ಡ್ರೈವಿಂಗ್.’ ಇಲ್ಲವೇ ‘ಐ ಪ್ರಿಫರ್ ಟು ವಾಕ್ ರಾದರ್ ದ್ಯಾನ್ ಡ್ರೈವ್.’ ಇಲ್ಲಿ ದ್ಯಾನ್ ಬಂತಲ್ಲ ಅಂತ ಕೇಳಬೇಡಿ, ಅದು ರಾದರ್ ಕರೆತಂದ ದ್ಯಾನ್. ‘ಮೋರ್ ಪ್ರಿಫರ್’ ಬೇಡ. ಪ್ರಿಫರ್‌ನಲ್ಲೇ ‘ಹೆಚ್ಚು’ ಕೂತಿದೆ.

ಗೆಸ್ಟಿಗೆ ‘ಡು ಯು ಲೈಕ್ ಕಷಾಯ?’ ಅಂದೆ. ‘ಯೆಸ್’ ಅಂದ್ರು. ತಂದಿಟ್ರೆ ‘ನಾಟ್ ನೌ’ ಅಂದ್ರು. ಇದೇನು ಕತೆ?

ನೀವು ಕೇಳಿದ್ದು ಅವರ ಸ್ವಭಾವದ ಬಗ್ಗೆ. ಕಷಾಯ ಅಂದರೆ ಇಷ್ಟವೇ ಅಂತ. ಅವರು ಹೌದು ಅಂದರು. ಈಗ ಕೊಡಲಾ ಅಂತ ಕೇಳಲು ‘ವುಡ್ ಯು ಲೈಕ್ ಸಮ್ ಕಷಾಯ?’ ಅನ್ನಬೇಕು. ವುಡ್ ಬಂದರೆ ಈ ಹೊತ್ತಿನ ಮಾತು, ವುಡ್ ಇಲ್ಲದಿದ್ದರೆ ಯಾವಾಗಿನದೂ. ಪ್ರಿಫರ್ ಕೂಡ ಹಾಗೇ. ‘ಐ ಪ್ರಿಫರ್ ಅಕ್ಕಿ ರೊಟ್ಟಿ’ ನನ್ನ ಅಭ್ಯಾಸ, ‘ಟುಡೇ ಐ ವುಡ್ ಪ್ರಿಫರ್ ನೀರು ದೋಸೆ’ ಇವತ್ತಿನ ಆಸೆ. ಎರಡು ತಿಂಡಿ ಮುಂದಿಟ್ಟು ಆರಿಸಿಕೊಳ್ಳಿ ಅನ್ನುವಾಗ ‘ವುಡ್ ಯು ಪ್ರಿಫರ್’, ಒಂದೇ ಇದ್ದಾಗ ‘ವುಡ್ ಯು ಲೈಕ್’.

‘ಐಡ್ ರಾದರ್’, ‘ಐಡ್ ಬೆಟರ್’ ಎರಡೂ ಒಂದೇ ಥರ ಕೇಳುತ್ತೆ. ಗುರುತು ಹೇಗೆ?

ಮೊದಲನೆಯದು ವುಡ್, ಎರಡನೆಯದು ಹ್ಯಾಡ್. ಮಾತಿನ ಓಟದಲ್ಲಿ ಎರಡೂ ಸವೆದು ಬರೀ ‘ಡ್’ ಉಳಿದಿದೆ. ಅದಾದ ಮೇಲೆ ಬರುವ ಪದದಿಂದಲೇ ತಿಳಿಯಬೇಕು. ‘ಐಡ್ ರಾದರ್ ಸ್ಟೇ’ ಅಂದರೆ ಉಳಿಯೋಕೆ ನನಗಿಷ್ಟ. ‘ಐಡ್ ಬೆಟರ್ ಸ್ಟೇ’ ಅಂದರೆ ಉಳಿಯೋದೇ ವಾಸಿ, ಹೊರಟರೆ ಎಡವಟ್ಟಾದೀತು. ಎರಡಕ್ಕೂ ಟು ಬೇಡ. ಹೋಲಿಸಬೇಕಾದರೆ ರಾದರ್‌ಗೆ ದ್ಯಾನ್: ‘ಐಡ್ ರಾದರ್ ಟೇಕ್ ದ ನೈಟ್ ಟ್ರೈನ್ ದ್ಯಾನ್ ಡ್ರೈವ್ ಟು ಬೆಂಗಳೂರು’. ಬೇಡ ಅನ್ನಲು ‘ಐಡ್ ರಾದರ್ ನಾಟ್’ ಅಂದರೆ ಪೂರ್ತಿ ಉತ್ತರ. ‘ನೋ’ಗಿಂತ ಎಷ್ಟೋ ನಯ.

## ಪಳಗಿದವರಿಗೆ

‘ಐಡ್ ರಾದರ್ ಯು ಕೇಮ್ ಟುಮಾರೊ’ ಅಂತ ಓದಿದೆ. ನಾಳೆಗೆ ‘ಕೇಮ್’ ಹೇಗೆ? ‘ಇಫ್ ಐ ವರ್ ಯು’ನಲ್ಲೂ ‘ವಾಸ್’ ಬಿಟ್ಟು ‘ವರ್’ ಯಾಕೆ?

ಇದು ಒಳ್ಳೆಯ ಪ್ರಶ್ನೆ. ಇಂಗ್ಲಿಷಿನಲ್ಲಿ ಭೂತಕಾಲದ ರೂಪಕ್ಕೆ ಎರಡು ಕೆಲಸ. ಒಂದು, ಹಿಂದೆ ನಡೆದದ್ದನ್ನು ಹೇಳುವುದು. ಇನ್ನೊಂದು, ನಿಜವಲ್ಲದ್ದನ್ನು, ಬರೀ ಮನಸ್ಸಿನಲ್ಲಿರುವುದನ್ನು ಹೇಳುವುದು. ‘ಇಫ್ ಐ ವರ್ ಯು’ ಅಂದಾಗ ನಾನು ನೀವಾಗುವುದು ಉಂಟಾ? ಅದಕ್ಕೇ ‘ವರ್’. ಮಾತಿನಲ್ಲಿ ‘ವಾಸ್’ ಅನ್ನುವವರೂ ಇದ್ದಾರೆ, ಪರೀಕ್ಷೆಗೆ ‘ವರ್’ ಬರೆಯಿರಿ. ಕನ್ನಡದಲ್ಲೂ ಈ ಉಪಾಯ ಇದೆ. ‘ನಾಳೆ ಬಂದರೆ’ ಅನ್ನುವಾಗ ‘ಬಂದ’ ಭೂತಕಾಲದ್ದೇ ಅಲ್ವಾ?

ವುಡ್ ರಾದರ್ ಜೊತೆ ಕೆಲಸ ಮಾಡುವವರು ನಾವೇ ಆದರೆ ಮೂಲರೂಪ: ‘ಐಡ್ ರಾದರ್ ಕಮ್ ಟುಮಾರೊ’. ಬೇರೆಯವರು ಮಾಡಬೇಕಾದರೆ ಭೂತರೂಪ: ‘ಐಡ್ ರಾದರ್ ಯು ಕೇಮ್ ಟುಮಾರೊ’. ಹೋಂಸ್ಟೇಯವರಿಗೆ ಇದು ತುಂಬ ಉಪಯೋಗ. ಮರದ ಅಟ್ಟದ ಕೋಣೆಯಲ್ಲಿ ಗೆಸ್ಟ್ ಸಿಗರೇಟು ಹಚ್ಚುತ್ತಿದ್ದಾರೆ. ‘ಡೋಂಟ್ ಸ್ಮೋಕ್’ ಅಂದರೆ ಜಗಳ, ‘ಪ್ಲೀಸ್ ಡೋಂಟ್’ ಅಂದರೆ ಗೋಗರೆದ ಹಾಗೆ. ‘ಐಡ್ ರಾದರ್ ಯು ಡಿಡಂಟ್ ಸ್ಮೋಕ್ ಇನ್ ಹಿಯರ್’ ಅಂದರೆ ಮಾತು ಗಟ್ಟಿ, ಮುಖವೂ ಉಳಿಯಿತು. ‘ಇಟ್ಸ್ ಟೈಮ್ ಯು ವೆಂಟ್ ಟು ಬೆಡ್’ ಕೂಡ ಇದೇ ಪೈಕಿ: ಮಲಗೋ ಹೊತ್ತಾಯ್ತು, ಇನ್ನೂ ಮಲಗಿಲ್ಲ.

‘ದ ಡಾಕ್ಟರ್ ಸಜೆಸ್ಟೆಡ್ ದಟ್ ಹಿ ರೆಸ್ಟ್’ ಅಂತಿದೆ. ‘ರೆಸ್ಟ್ಸ್’ ಆಗ್ಬೇಕಲ್ವಾ?

ಸಜೆಸ್ಟ್, ರೆಕಮೆಂಡ್, ಇನ್ಸಿಸ್ಟ್ ಇವುಗಳ ‘ದಟ್’ ಆದ ಮೇಲೆ ಹೀಗೆ ಮಾಡಲಿ ಅನ್ನುವ ಅರ್ಥ ಇದ್ದರೆ ಮೂಲರೂಪ. ಹಿ, ಶಿ ಬಂದರೂ ‘ಎಸ್’ ಸೇರಲ್ಲ. ಅಮೆರಿಕದವರಿಗೆ ಇದೇ ರೂಢಿ. ಬ್ರಿಟಿಷರು ‘ದಟ್ ಹಿ ಶುಡ್ ರೆಸ್ಟ್’ ಅಂತಲೂ ಅನ್ನುತ್ತಾರೆ. ಎರಡೂ ಸರಿ.

‘ಯು ಶುಡ್ ಹ್ಯಾವ್’ ಅಂದ್ರೆ ಸಲಹೆನಾ, ಬೈಗುಳನಾ?

ಕಾಲ ಮಿಂಚಿದ ಮೇಲೆ ಕೊಟ್ಟ ಸಲಹೆ ಬೈಗುಳವೇ. ರಚನೆ: ಶುಡ್ ಹ್ಯಾವ್, ಆಮೇಲೆ ಕ್ರಿಯಾಪದದ ಮೂರನೇ ರೂಪ. ಅಡಿಕೆ ತೋಟದಲ್ಲಿ ಕೊಳೆ ರೋಗ ಬಂದಿದೆ ಅನ್ನಿ. ಮಳೆ ಹಿಡಿಯುವ ಮೊದಲು ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ದ್ರಾವಣ ಹೊಡೆಸಬೇಕಿತ್ತು. ಮರ ಹತ್ತುವ ಕೊನೆಗೌಡ ಸಿಗಲಿಲ್ಲ, ಅಷ್ಟರಲ್ಲಿ ಮಳೆ ಕೂತಿತು. ಈಗ ಮರದ ಬುಡದಲ್ಲೆಲ್ಲ ಹಸಿರು ಕಾಯಿ ಉದುರಿ ಬಿದ್ದಿದೆ. ಆ ತೋಟದವರ ಎದುರು ನಿಂತು ‘ಯು ಶುಡ್ ಹ್ಯಾವ್ ಸ್ಪ್ರೇಡ್ ಬಿಫೋರ್ ದ ರೇನ್ಸ್’ ಅಂದರೆ ವ್ಯಾಕರಣಕ್ಕೆ ನೂರಕ್ಕೆ ನೂರು. ಅವರು ಮಾತ್ರ ಇನ್ನೊಮ್ಮೆ ನಿಮ್ಮನ್ನು ಕಾಫಿಗೆ ಕರೆಯುವುದಿಲ್ಲ. ಅದನ್ನೇ ಅವರು ತಮ್ಮ ಬಗ್ಗೆ ಹೇಳಿಕೊಂಡರೆ, ‘ಐ ಶುಡ್ ಹ್ಯಾವ್ ಸ್ಪ್ರೇಡ್’, ಅದು ಪಶ್ಚಾತ್ತಾಪ. ನೀವು ಹೇಳಲೇಬೇಕಾದರೆ ಮುಂದಿನ ವರ್ಷದ ಮಾತಾಗಿ ತಿರುಗಿಸಿ: ‘ನೆಕ್ಸ್ಟ್ ಇಯರ್ ಇಟ್ ಮೈಟ್ ಬಿ ವರ್ತ್ ಸ್ಪ್ರೇಯಿಂಗ್ ಅರ್ಲಿಯರ್’.

ಮಾತಿನಲ್ಲಿ ‘ಶುಡ್ ಹ್ಯಾವ್’ ಸವೆದು ‘ಶುಡವ್’ ಅಂತ ಕೇಳುತ್ತದೆ. ಅದನ್ನು ನಂಬಿ ‘ಶುಡ್ ಆಫ್’ ಅಂತ ಬರೆಯಬೇಡಿ. ಹ್ಯಾಡ್ ಬೆಟರ್‌ಗೆ ಹಿಂದಿನ ಕಾಲದ ರೂಪ ಹುಡುಕಬೇಡಿ, ಅಲ್ಲೂ ಶುಡ್ ಹ್ಯಾವ್ ಸಾಕು. ಇಷ್ಟದ ಮಾತಿಗಾದರೆ ‘ಐಡ್ ರಾದರ್ ಹ್ಯಾವ್ ಸ್ಟೇಡ್ ಅಟ್ ಹೋಮ್’: ಮನೆಯಲ್ಲೇ ಇದ್ದಿದ್ದರೆ ಚೆನ್ನಾಗಿತ್ತು, ಇರಲಿಲ್ಲ.

ಎಸ್ಸೆಸ್ಸೆಲ್ಸಿಯಲ್ಲಿ ‘ಲ್ಯಾಂಗ್ವೇಜ್ ಫಂಕ್ಷನ್’ ಗುರುತಿಸಿ ಅಂತ ಬರುತ್ತೆ. ಅಡ್ವೈಸ್, ಸಜೆಶನ್ ಎರಡೂ ಆಯ್ಕೆಯಲ್ಲಿದ್ರೆ ಏನು ಮಾಡೋದು?

ಲ್ಯಾಂಗ್ವೇಜ್ ಫಂಕ್ಷನ್ ಅಂದರೆ ಆ ಮಾತನ್ನು ಯಾವ ಉದ್ದೇಶಕ್ಕೆ ಆಡಿದ್ದು ಅಂತ. ಕೇಳುವವರು ಮಾತ್ರ ಮಾಡಬೇಕಾದ ಕೆಲಸ, ಅವರ ಒಳ್ಳೇದಕ್ಕೆ ಹೇಳಿದ್ದು ಅಂದರೆ ಅಡ್ವೈಸ್: ಶುಡ್, ಹ್ಯಾಡ್ ಬೆಟರ್, ‘ಇಫ್ ಐ ವರ್ ಯು’. ಹೀಗೂ ಮಾಡಬಹುದಲ್ಲ ಅಂತ ಒಂದು ಯೋಚನೆ ಮುಂದಿಟ್ಟರೆ ಸಜೆಶನ್: ‘ಲೆಟ್ಸ್’, ‘ಶಲ್ ವಿ’, ‘ವೈ ಡೋಂಟ್ ವಿ’, ‘ಹೌ ಅಬೌಟ್’. ಗೆರೆ ಎಳೆದ ವಾಕ್ಯ ಮಾತ್ರ ನೋಡಬೇಡಿ, ಅದರ ಹಿಂದಿನ ಸಾಲನ್ನೂ ಓದಿ. ಯಾರೋ ತಮ್ಮ ಕಷ್ಟ ಹೇಳಿಕೊಂಡಿದ್ದರೆ ಉತ್ತರ ಅಡ್ವೈಸ್ ಆಗಿರುವುದೇ ಜಾಸ್ತಿ.

ಯಾರೋ ಕೊಟ್ಟ ಸಲಹೆ ಬೇಡ ಅಂತ ನಯವಾಗಿ ಹೇಳೋದು ಹೇಗೆ? ನಮ್ಮಲ್ಲಾದ್ರೆ ‘ನೋಡಾಣ ಬಿಡಿ’ ಅಂದ್ರೆ ಆಯ್ತು.

‘ಲೆಟ್ ಅಸ್ ಸೀ’ ಅಂತ ಅದನ್ನೇ ತಿರುಗಿಸಬೇಡಿ. ಕೇಳಿದವರು ನೀವು ನಿಜಕ್ಕೂ ನೋಡುತ್ತೀರಿ ಅಂತ ನಂಬಿ ಮರುವಾರ ಫೋನ್ ಮಾಡುತ್ತಾರೆ. ಮೊದಲು ಸಲಹೆಗೆ ಒಂದು ಒಳ್ಳೆ ಮಾತು, ಆಮೇಲೆ ‘ಬಟ್’, ಆಮೇಲೆ ನಿಮ್ಮ ಇಷ್ಟ. ತೋಟ ಕೊಟ್ಟುಬಿಟ್ಟು ಬೆಂಗಳೂರಿಗೆ ಬನ್ನಿ ಅಂತ ಮಗನ ಆಫೀಸಿನ ಗೆಳೆಯರು ಹೇಳಿದರೆ: ‘ದಟ್ಸ್ ಕೈಂಡ್ ಆಫ್ ಯು, ಬಟ್ ಐಡ್ ರಾದರ್ ಸ್ಟೇ ಹಿಯರ್’. ಇನ್ನೂ ತೀರ್ಮಾನ ಮಾಡಿಲ್ಲದಿದ್ದರೆ ‘ಐಲ್ ಥಿಂಕ್ ಅಬೌಟ್ ಇಟ್’. ಅವರು ಬಿಡದೆ ‘ಬಟ್ ಯು ರಿಯಲಿ ಶುಡ್’ ಅಂತ ಒತ್ತಾಯ ಮಾಡಿದರೆ ನಗುತ್ತಾ ‘ಐ ನೋ ಐ ಶುಡ್’ ಅಂದು ಸುಮ್ಮನಾಗಿ.